ದುಭಾಷಿ

ಬದಿಯಡ್ಕದ ತರಬೇತಿಯಲ್ಲಿ ಟೀಚರು
ಬೋರ್ಡಿನ ಮೇಲೆ ಒಂದು ಏಣಿ ಬರೆದರು.
ಮೂರು ವರ್ಷಕ್ಕೆ ಈ ಮೆಟ್ಟಿಲು, ಏಳಕ್ಕೆ ಇದು,
ಹನ್ನೆರಡಕ್ಕೆ ಇಲ್ಲಿ, ಹದಿನೆಂಟಕ್ಕೆ ಮೇಲೆ,
ಮನಸ್ಸು ಹೀಗೆ ಹತ್ತಿ ಹತ್ತಿ ಬಲಿಯುತ್ತದಂತೆ.
ಎಲ್ಲ ಮಲಯಾಳದಲ್ಲಿ.
ಪಕ್ಕದಲ್ಲಿ ಕೂತ ಪೆರ್ಲದ ಲಲಿತಾಕ್ಷಿ
ಮೊಣಕೈಯಿಂದ ತಿವಿದಳು: ಏನಂತೆ?
ಪಿಸುಗುಟ್ಟಿದೆ. ಅರ್ಧ ಬಿಟ್ಟೆ.
ಬಿಡುವುದು ನನಗೆ ಹಳೆಯ ಅಭ್ಯಾಸ.

ಹತ್ತು ವರ್ಷಕ್ಕೇ ನಾನು ಅಪ್ಪೆಯ ಬಾಯಿ.
ವಿಲೇಜಾಫೀಸಿಗೆ, ರೇಶನ್ನಿಗೆ,
ಶಾಲೆ ತಪ್ಪಿಸಿ ಕರೆದೊಯ್ಯುತ್ತಿದ್ದಳು,
ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಬಿಗಿದು,
ದೇವರ ಕೆಲಸಕ್ಕೆ ಹೊರಟ ಹಾಗೆ.
ಕಾಗದ ವಾಪಸು ತಳ್ಳಿ ಗುಮಾಸ್ತ ಗೊಣಗಿದ್ದನ್ನು
‘ನಾಳೆ ಬರಬೇಕಂತೆ’ ಎಂದು ತಿದ್ದುತ್ತಿದ್ದೆ.
‘ಇವಕ್ಕೆ ಒಂದು ಭಾಷೆಯೂ ನೆಟ್ಟಗೆ ಬಾರದು’
ಎಂದದ್ದನ್ನು, ಆಮೇಲಿನ ನಗುವನ್ನು,
ಲಂಗದ ನಿರಿಗೆಯಲ್ಲಿ ಮಡಚಿ ಮನೆಗೆ ತರುತ್ತಿದ್ದೆ.
ಪ್ರಾಯಕ್ಕೆ ಮೀರಿದ ಬುದ್ಧಿ, ಎಂದರು
ಬೀಡಿ ಕಟ್ಟುವ ಹೆಂಗಸರು, ನೂಲು ಕಡಿಯುತ್ತ.
ನನಗೋ ಹೆಮ್ಮೆ. ಬುದ್ಧಿಗೆ ಹೊಟ್ಟೆನೋವು ಬರುತ್ತದೆ,
ಅದು ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುತ್ತದೆ,
ಎಂದು ಯಾರೂ ಹೇಳಿರಲಿಲ್ಲ.

ಆ ವರ್ಷವೇ ಕಾಸರಗೋಡಿನ ಆಸ್ಪತ್ರೆ.
ಅಪ್ಪನ ಹೊಟ್ಟೆ ಚೆಂಡೆಯ ಹಾಗೆ ಉಬ್ಬಿತ್ತು.
ವಾರ್ಡಿನ ಬಾಗಿಲಲ್ಲಿ ಡಾಕ್ಟರು ಅಪ್ಪೆಯನ್ನು ನೋಡಿದರು.
ಅವಳು ಫ್ಲಾಸ್ಕು ಹಿಡಿದು ನೆಲ ನೋಡುತ್ತಿದ್ದಳು.
ಒಳ್ಳೆಯ ಮನುಷ್ಯ, ಬಗ್ಗಿ, ನಿಧಾನವಾಗಿ,
ನನ್ನ ಕಣ್ಣಿಗೇ ಹೇಳಿದರು:
ಲಿವರ್ ಹೋಗಿದೆ ಮೋಳೇ, ಹೆಚ್ಚೆಂದರೆ ಒಂದು ತಿಂಗಳು.
ಮನೆಗೆ ಕರಕೊಂಡು ಹೋಗಿ. ಅಮ್ಮನಿಗೆ ಹೇಳು.

ಮಲಯಾಳದಿಂದ ತುಳುವಿಗೆ ಎಷ್ಟು ದೂರ?
ಒಂದು ಉಸಿರು.
‘ಒಂದು ತಿಂಗಳು ಮದ್ದು ತಿನ್ನಬೇಕಂತೆ.
ಮನೆಗೆ ಹೋಗಬಹುದಂತೆ.’
ಅಪ್ಪೆ ತಲೆಯಾಡಿಸಿದಳು.
ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು,
ಆಗಲೇ ಬಿಗಿಯಾಗಿದ್ದುದನ್ನು.

ಇಪ್ಪತ್ತಾರು ದಿನ.

ಎರಡು ವರ್ಷ ಕಳೆದು ನಾನು ದೊಡ್ಡವಳಾದೆ.
ಅತ್ತೆಯಂದಿರು ಬಂದರು, ಬೊಂಡ ಕೆತ್ತಿದರು,
ಅರಸಿನ ನೀರು ಹೊಯ್ದು, ಹಿಂಗಾರ ಮುಡಿಸಿ
ಕೇರಿಗೆಲ್ಲ ಸಾರಿದರು: ಶಾಂಭವಿ ದೊಡ್ಡವಳಾದಳು!
ಊರಿಗೆ ಅದಕ್ಕೊಂದು ಪದ ಇತ್ತು, ಮಣೆ ಇತ್ತು, ಬೆಲ್ಲ ಇತ್ತು.
ವಾರ್ಡಿನ ಬಾಗಿಲಲ್ಲಿ ಆದದ್ದಕ್ಕೆ
ಮೂರು ಭಾಷೆ ತಡಕಿದರೂ ಏನೂ ಸಿಗಲಿಲ್ಲ.
ಬೆಲ್ಲ ತಿಂದೆ.

ಮೊನ್ನೆ, ಅಪ್ಪೆಯ ಕಣ್ಣಿನ ಪೊರೆ ತೆಗೆಸಿದ ಮರುದಿನ,
ಚಹಾ ತಂದು ನಿಂತರೆ ಒಳಗೆ
ಪಯ್ಯನ್ನೂರಿನ ನರ್ಸಮ್ಮನೊಡನೆ ಹರಟೆ,
ಬಂಗುಡೆಯ ಕ್ರಯದಿಂದ ಸೊಸೆಯ ಮುನಿಸಿನವರೆಗೆ,
ಎಡವದ, ತಡೆಯದ ಮಲಯಾಳ.
ಯಾವಾಗ ಕಲಿತೆ?
‘ಕಲಿಯುವುದೇನು? ಬೀಡಿ ಬ್ರಾಂಚಿನಲ್ಲಿ
ಅರ್ಧ ಹೆಂಗಸರು ಅವರೇ ಅಲ್ಲವಾ.
ಆಫೀಸಿನಲ್ಲಿ ನಾನು ತಪ್ಪಿದರೆ ನಗುತ್ತಿದ್ದರು.
ಮಕ್ಕಳು ತಪ್ಪಿದರೆ ಯಾರೂ ನಗುವುದಿಲ್ಲ.’
ಆಮೇಲೆ, ಕಣ್ಣಿನ ಹಸಿರು ಪಟ್ಟಿಯ ಕೆಳಗಿನಿಂದ,
‘ಅಷ್ಟು ಕಷ್ಟಪಟ್ಟು ಹೇಳಿದ ಸುಳ್ಳು.
ನಾನು ನಂಬದಿದ್ದರೆ ನೀನು ಎಲ್ಲಿಗೆ ಹೋಗುತ್ತಿದ್ದೆ ಮಗಾ?’

ಅಂದರೆ ಆ ಇಪ್ಪತ್ತಾರು ದಿನ
ನಾವಿಬ್ಬರೂ ಒಬ್ಬರಿಗೊಬ್ಬರು ಮದ್ದು ಕುಡಿಸಿದ್ದು.
ಅಪ್ಪನಿಗೆ ಬರೀ ಗಂಜಿ.
ಕಾಲು ಮುಟ್ಟಬೇಕು ಅನಿಸಿತು.
ಸಿಟ್ಟೂ ಬಂತು. ಈಗಲೂ ಬರುತ್ತದೆ,
ಚಹಾ ಆರಿದ ಮೇಲೆ ಮೇಲೆದ್ದ ಕೆನೆಯ ಹಾಗೆ.
ಮಕ್ಕಳನ್ನು ನೋಡಿ ನಗುವುದಿಲ್ಲವಂತೆ!

ಟೀಚರು ಕೇಳಿದರು: ಸಂಶಯ ಉಂಟಾ?
ಲಲಿತಾಕ್ಷಿ ನನ್ನ ಮುಖ ನೋಡಿದಳು.
ಇಲ್ಲ, ಎಂದೆ ಇಬ್ಬರ ಪರವಾಗಿ.

ನನ್ನ ಅಂಗನವಾಡಿಯಲ್ಲಿ ಒಬ್ಬಳು ಮುಬೀನಾ, ಐದು ವರ್ಷ.
ತಮ್ಮನನ್ನು ಸೊಂಟದಲ್ಲೇ ತರುತ್ತಾಳೆ,
ಮೂಗು ಒರೆಸುತ್ತಾಳೆ, ತನ್ನ ಮೊಟ್ಟೆಯಲ್ಲಿ ಅರ್ಧ ಎತ್ತಿಡುತ್ತಾಳೆ.
ಅಳುವುದೇ ಇಲ್ಲ.
ಎಷ್ಟು ಬುದ್ಧಿ, ಎನ್ನುತ್ತಾಳೆ ಆಯಾ.
ಇವತ್ತು ತಮ್ಮನನ್ನು ನಾನೇ ಎತ್ತಿಕೊಂಡೆ.
ಹೋಗು, ಹೊಯ್ಗೆಯಲ್ಲಿ ಆಡು, ಎಂದೆ,
ಮೊದಲು ಕನ್ನಡದಲ್ಲಿ, ಮತ್ತೆ ಅವಳ ಭಾಷೆಯಲ್ಲಿ.

ಅಂಗಳದ ನಡುವೆ ನಿಂತೇ ಇದ್ದಾಳೆ,
ಖಾಲಿ ಕೈ ಎಲ್ಲಿಡಬೇಕೆಂದು ತಿಳಿಯದೆ.