ಲಾಡಿ ಕಟ್ಟುವ ಜಾಗ

ಮಂಡ್ಯದ ಹೊಸಳ್ಳಿಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕ
ಎಂಟಡಿ ಅಂಗಡಿ. ಒಂದು ಮಿಷನ್ನು, ಒಂದು ಪರದೆ.
ಪರದೆಯ ಈಚೆ ಬೆಲ್ಲದ ರೇಟು, ನಾಲೆಗೆ ನೀರು ಬಿಟ್ಟರಾ ಎಂಬ ಮಾತು.
ಆಚೆ, ಕೈಯೆತ್ತಿ ನಿಂತಾಗ,
ಅದೇ ಬಾಯಿ ಪಿಸುಗುಡುತ್ತದೆ.

ಎದೆ, ಸೊಂಟ, ತೋಳು, ಬೆನ್ನಿನ ಆಳ:
ನಾನು ಬರೆದುಕೊಳ್ಳುವುದು ಇಷ್ಟೇ.
ನೋಡುವುದು ಬೇರೆ.
ಲಂಗದ ಲಾಡಿ ಕಟ್ಟುವ ಜಾಗದಲ್ಲಿ
ಬಳೆಯಿಟ್ಟು ಸುತ್ತ ಗೀಚಿದ ಹಾಗೆ ಕೆಂಪು ಉಂಗುರ,
ಅಂಚಿಗೆ ಅಕ್ಕಿನುಚ್ಚಿನಂಥ ಗುಳ್ಳೆ, ನಡುವೆ ಮಾಸಲು.
ಮೊದಲು ನಾಟಿಗೆ ಹೋಗುವ ಜವರಮ್ಮನಲ್ಲಿ ಕಂಡೆ,
ಆಮೇಲೆ ಸೊಸೈಟಿಯ ಶಶಿರೇಖಾ ಮೇಡಮ್ಮಿನಲ್ಲಿ,
ಆಮೇಲೆ ಮದುವೆ ಗೊತ್ತಾದ ನಸ್ರೀನಳಲ್ಲಿ.
ಹುಳುಕಡ್ಡಿ ಯಾರ ರೇಷನ್ ಕಾರ್ಡನ್ನೂ ಕೇಳುವುದಿಲ್ಲ
ಎಂದುಕೊಂಡು ನಕ್ಕಿದ್ದೆ.

ಶ್ರಾವಣದಲ್ಲಿ ನನ್ನ ಸೊಂಟಕ್ಕೇ ಬಂತು.

ನಾನು ಕೆರೆದುಕೊಂಡದ್ದು ಕಂಡಿರಬೇಕು,
ಕೇಳದೆಯೇ ಮದ್ದು ಬಂದವು.
"ನಾಗಮಲ್ಲಿಗೆ ಬೇರ ನಿಂಬೆರಸದಲ್ಲಿ ತೇಯ್ದು ಹಚ್ಕೊ, ಮೂರೇ ದಿನ ಕನವ್ವ."
"ತಗಚೆ ಬೀಜ ಹುಳಿಮಜ್ಜಿಗೇಲಿ ನೆನೆಹಾಕು, ನಾರೋಗಂಟ ಬುಡು."
"ಹೊಂಗೆಣ್ಣೆ. ಬ್ಯಾರೆ ಏನೂ ಬ್ಯಾಡ."
ಯಾರೂ "ನಂಗೆ ಬಂದಿತ್ತು" ಎನ್ನಲಿಲ್ಲ.
ಎಲ್ಲ ಮದ್ದೂ ಓರಗಿತ್ತಿಯದು, ನಾದಿನಿಯದು,
ಪಕ್ಕದ ಬೀದಿಯಲ್ಲಿ ಯಾವಳೋ ಒಬ್ಬಳದು.

ನಾಗಮಲ್ಲಿಗೆ ಉರಿಯಿತು, ತಂಪಾಯಿತು, ನಂಬಿದೆ.
ಬೆಳ್ಳುಳ್ಳಿ ಜಜ್ಜಿ ಕಟ್ಟಿದ ರಾತ್ರಿ
ಇಸ್ತ್ರಿಪೆಟ್ಟಿಗೆಯನ್ನೇ ಸೊಂಟಕ್ಕಿಟ್ಟ ಹಾಗೆ ಬೊಬ್ಬೆ ಎದ್ದಿತು.
ಹೊಂಗೆಣ್ಣೆಯ ವಾಸನೆ ಗಿರಾಕಿಯ ರೇಷ್ಮೆಗೆ ಹತ್ತಿ
ಹೊಲಿಗೆ ಕಾಸು ಬಿಟ್ಟುಕೊಟ್ಟೆ.
ಮೆಡಿಕಲ್ ಶಾಪಿನ ಹುಡುಗ ಕೊಟ್ಟ ಮೂವತ್ತು ರೂಪಾಯಿ ಟ್ಯೂಬು
ನಾಲ್ಕೇ ದಿನಕ್ಕೆ ಎಲ್ಲ ಒರೆಸಿಹಾಕಿತು.
ಟ್ಯೂಬು ಮುಗಿದ ವಾರ
ಹೋದದ್ದು ನೆಂಟರನ್ನೂ ಕರಕೊಂಡು ಬಂತು:
ಬೆನ್ನಿಗೆ, ಯಜಮಾನರ ತೊಡೆಗೆ,
ತೊಡೆಯ ಮೇಲೆ ಮಲಗಿಸುವ ಮೊಮ್ಮಗುವಿನ ಕೆನ್ನೆಗೆ.

ಕೆನ್ನೆಗೆ ಬಂದ ಮೇಲೆ ದೊಡ್ಡಾಸ್ಪತ್ರೆ.
ಚರ್ಮದ ಡಾಕ್ಟರು, ಎಳೆ ಹುಡುಗಿ, ಮೂಗಿಗೆ ಹರಳು.
ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿದಳು.
ನಾಗಮಲ್ಲಿಗೆಗೆ ನಗಲಿಲ್ಲ, ಹೆಸರು ಬರೆದುಕೊಂಡಳು.
"ಮಾತ್ರೆ ಆರು ವಾರ, ಮನೆಮಂದಿಗೆಲ್ಲ ಒಟ್ಟಿಗೆ.
ಕೆರೆತ ನಿಂತರೂ ಬಿಡಬಾರದು" ಎಂದಳು.
ಆಮೇಲೆ, ತಲೆ ಎತ್ತದೆ:
"ಅಮ್ಮ, ಲಂಗ ಎಲ್ಲಿ ಒಣಗಿಸ್ತೀರಿ?"

ನನಗೆ ಮಾತು ಬರಲಿಲ್ಲ.
ಬಚ್ಚಲ ಹಿಂದೆ, ಸೀರೆಯ ಅಡಿಯಲ್ಲಿ, ಸೀರೆಯ ಮೇಲೆ ಟವಲು.
ಗಂಡಸರ ಕಣ್ಣಿಗೆ ಬೀಳಬಾರದೆಂದು ಅತ್ತೆ ಕಲಿಸಿದ್ದು,
ನಾನು ಸೊಸೆಗೆ ಕಲಿಸಿದ್ದು.
ಬೆಳಿಗ್ಗೆ ಅರೆಹಸಿಯದನ್ನೇ ಬಿಗಿದು ಕಟ್ಟಿ
ಮಿಷನ್ನಿನ ಮುಂದೆ ಕೂರುತ್ತಿದ್ದೆ.
ಜವರಮ್ಮ ಅದನ್ನೇ ಕಟ್ಟಿ ಕೆಸರಿಗಿಳಿಯುತ್ತಿದ್ದಳು.
ಇಷ್ಟು ಬಿಸಿಲಿನ ಊರಿನಲ್ಲಿ
ಬಿಸಿಲು ಕಂಡ ಲಂಗ ಒಂದೂ ಇರಲಿಲ್ಲ.

ಆ ಭಾನುವಾರ ತಾರಸಿಗೆ ಹಗ್ಗ ಕಟ್ಟಿದೆ.
ಇಟ್ಟಿಗೆ ಕೆಂಪಿನದೊಂದು, ಗಿಳಿಹಸಿರಿನದೊಂದು,
ತೇಪೆ ಹಾಕಿದ್ದೊಂದು, ಒಳಗಡೆ ಹೊರಗೆ ಮಾಡಿ.
ಯಜಮಾನರು ಪೇಪರು ಅಡ್ಡ ಹಿಡಿದು ಕೂತರು.
ಎದುರುಮನೆಯವರು ನೋಡಿದರು, ನೋಡಲಿ.

ಗಿರಾಕಿಗಳಿಗೆ ಪರದೆಯ ಆಚೆ ಹೇಳತೊಡಗಿದೆ:
"ಓರಗಿತ್ತಿಗಲ್ಲ ಕನವ್ವ, ನಂಗೇ ಬಂದಿತ್ತು."
ನಸ್ರೀನ್ ಒಂದು ಗಳಿಗೆ ಸುಮ್ಮನಿದ್ದು
ಸೆರಗು ಸರಿಸಿ ತಾನೇ ತೋರಿಸಿದಳು.

ವಾಸಿಯಾದದ್ದು ಮಾತ್ರೆಯಿಂದಲೋ, ಬಿಸಿಲಿಂದಲೋ,
ಬಿಡದೆ ಮಿಂದ ಬೇವಿನ ನೀರಿಂದಲೋ?
ಮಾತ್ರೆ ಅನ್ನುತ್ತಾಳೆ ಡಾಕ್ಟರು. ಇರಬಹುದು.
ಬೇವಿನ ಎಲೆ ನಾನಿನ್ನೂ ಬಿಟ್ಟಿಲ್ಲ.

ಒಂದು ಭಯ ಮಾತ್ರ ಉಳಿದಿತ್ತು, ಟೇಪಿನದು.
ಎಷ್ಟು ಸೊಂಟ ಸುತ್ತಿ ಬಂದ ಟೇಪು!
ಒಂದಿನ ಹಂಡೆಗೆ ಹಾಕಿ ಕುದಿಸಿಬಿಟ್ಟೆ.
ಅಂಕಿ ಮಾಸಿತು, ಮೈ ಹಿಗ್ಗಿತು,
ಇಪ್ಪತ್ತೆಂಟು ಎಲ್ಲೋ ಇಪ್ಪತ್ತೊಂಬತ್ತರ ಹತ್ತಿರ ಹೋಗಿ ನಿಂತಿತು.
ಇವತ್ತಿಗೂ ಅದೇ ಟೇಪು.
ಅಳೆಯುವುದೂ ಅದರಲ್ಲೇ, ಕತ್ತರಿಸುವುದೂ ಅದರಲ್ಲೇ,
ಯಾರ ರವಿಕೆಯೂ ಇದುವರೆಗೆ ಬಿಗಿಯಾಗಿಲ್ಲ.