ದೀವಿ ಹಲಸು

ಕಮ್ಮನಹಳ್ಳಿಯ ಏಳನೇ ಅಡ್ಡರಸ್ತೆ, ಪೀಜಿಯ ಅಡುಗೆಮನೆ.
ಮೂವತ್ತೆಂಟು ಹುಡುಗಿಯರಿಗೆ ಚಪಾತಿ ಲಟ್ಟಿಸುವಾಗ
ಅವಳು ಬಂದು ಅಕ್ಕಿಡಬ್ಬದ ಮೇಲೆ ಕೂರುತ್ತಾಳೆ.
ಹೆಸರು ಎರ್ಮೀನ್.
ಹೆಸರಿನಲ್ಲೇ ಮೀನಿದೆಯಲ್ಲ ಮಾರಾಯ್ತಿ ಎಂದು ನಕ್ಕರೆ
ಯಾಕೆಂದು ತಿಳಿಯದೆ ಅವಳೂ ನಗುತ್ತಾಳೆ.
ಮೂಕಾಂಬು ಎನ್ನಲು ನಾಲಿಗೆ ಹೊರಳದೆ ನನ್ನನ್ನು ಮೂಕಾ ಅನ್ನುತ್ತಾಳೆ.
ಮೂಕಾ ಎಂದರೆ ಮಾತು ಬಾರದವಳು ಎಂದು ತಿಳಿಸಲು
ನನಗೆ ಅವಳ ಮಾತು ಬಾರದು.

ಅವಳದು ದ್ವೀಪ. ಭೂಪಟದಲ್ಲಿ ತೋರಿಸಿದಳು,
ಸಾಸಿವೆ ಸಿಡಿದು ಬಿದ್ದ ಹಾಗೆ ಒಂದು ಚುಕ್ಕಿ,
ಬೆರಳಿಟ್ಟರೆ ಮುಚ್ಚಿಹೋಗುತ್ತದೆ.
ನನ್ನದು ಭೂಪಟದಲ್ಲೇ ಇಲ್ಲ.
ಹೊಳೆ ಕಡಲು ಸೇರುವ ಮುಂಚೆ ಒಂದು ಗಳಿಗೆ ಅನುಮಾನಿಸಿ
ಎರಡಾಗಿ ಮತ್ತೆ ಒಂದಾಗುತ್ತದಲ್ಲ,
ಆ ನಡುವಿನ ಮಣ್ಣು, ಕುದ್ರು.
ಹದಿನಾಲ್ಕು ಮನೆ, ಒಂದು ದೋಣಿ.
ಈಚೆ ದಡದಲ್ಲಿ ನಿಂತು ಕೂ ಹಾಕಿದರೆ
ಸುಬ್ಬ ಖಾರ್ವಿ ಗಂಜಿ ಉಂಡು ಮುಗಿಸಿಯೇ ಬರುತ್ತಿದ್ದ.

ಆ ಶನಿವಾರ ಕರೆಂಟು ಹೋಗಿತ್ತು.
ಮೊಬೈಲನ್ನು ಸ್ಟೀಲ್ ಲೋಟದೊಳಗೆ ನಿಲ್ಲಿಸಿ ಒಂದು ಹಾಡು ಹಚ್ಚಿದಳು.
ಅವಳೂರಿನ ಬ್ಯಾಂಡಂತೆ, ಅವರ ಮೊದಮೊದಲ ಹಾಡಂತೆ,
ಅವಳಮ್ಮ ಹುಟ್ಟುವ ಮುಂಚಿನದು.
ಹಡಗಿಗೆ ಬಾಳೆಗೊನೆ ಹೊತ್ತ ಕೂಲಿ ಕೂಡಿಸಿ ಕೊಂಡ ಗಿಟಾರು,
ಒಂದೇ ಮೈಕು, ಸುತ್ತ ಏಳು ಜನ.
ನಡುವೆ ಯಾರೋ ಕೆಮ್ಮುತ್ತಾರೆ,
ಆಚೆ ನಾಯಿ ಬೊಗಳುತ್ತದೆ,
ಯಾರೂ ಅದನ್ನು ತೆಗೆದುಹಾಕಿಲ್ಲ.

ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಸೆನ್ಲಾ ಹಿಂದಿ ಮಾಡಿ
ಆ ಹಿಂದಿಯಲ್ಲಿ ನನಗೆ ದಕ್ಕಿದ್ದು ಇಷ್ಟು:
ಚಳಿಯ ಊರಿನಲ್ಲಿ ಬಸ್ಸು ತೊಳೆಯುವ ಒಬ್ಬ
ತನ್ನಕ್ಕನನ್ನು ಕೇಳುತ್ತಾನೆ,
ಬೆಳಗ್ಗೆ ಶಂಖ ಊದುತ್ತಾರೆಯೇ ಈಗಲೂ?
ಬೆಳದಿಂಗಳಿಗೆ ಅಂಗಳದಲ್ಲಿ ಕತೆ ಹೇಳುತ್ತಾರೆಯೇ?
ಕೆಂಡದಲ್ಲಿ ಸುಟ್ಟ ಕಾಯಿಯ ಕರಿ ಸಿಪ್ಪೆ ಸುಲಿಯುವಾಗ
ಬೆರಳು ಸುಡುತ್ತಿತ್ತಲ್ಲ,
ನಿನ್ನ ಬೆರಳನ್ನು ಈಗ ಯಾರು ಊದುತ್ತಾರೆ?

ಶಂಖ ಯಾವ ದೇವರಿಗೆ ಎಂದೆ.
ದೇವರಿಗಲ್ಲ, ಮೀನಿಗೆ.
ದೋಣಿ ಬಂತು, ಬಟ್ಟಲು ಹಿಡಿದು ಬನ್ನಿ ಎಂದು ಊರಿಗೆ ಸಾರುವುದು.
ನನಗೆ ನಗು ತಡೆಯಲಾಗಲಿಲ್ಲ.
ಆಮೇಲೆ ಯೋಚಿಸಿದರೆ
ನಮ್ಮಲ್ಲೂ ಮೀನಿಗಿಂತ ಮೊದಲು ಎದ್ದ ದೇವರಿಲ್ಲ.

ಆ ಕಾಯಿ ಯಾವುದು? ಚಿತ್ರ ತೆಗೆದು ತೋರಿಸಿದಳು.
ಜೀಗುಜ್ಜೆ!
ಕೂಗಿದ ರಭಸಕ್ಕೆ ಚಪಾತಿ ಹೊತ್ತಿತು.
ಘಟ್ಟದ ಮೇಲಿನವರು ಇದನ್ನೇ ದೀವಿ ಹಲಸು ಅನ್ನುತ್ತಾರೆ.
ದೀವಿ ಅಂದರೆ ದ್ವೀಪ.
ನಲವತ್ತು ವರ್ಷ ಹುಳಿಗೆ ಹೆಚ್ಚಿದ್ದೇನೆ, ಪೋಡಿ ಕರಿದಿದ್ದೇನೆ,
ಒಂದು ದಿನವೂ ಕೇಳಿರಲಿಲ್ಲ
ಯಾವ ದ್ವೀಪ ಎಂದು.

ಭಾನುವಾರ ಎರಡು ಬಸ್ಸು ಬದಲಿಸಿ ಮಲ್ಲೇಶ್ವರದ ಮಂಗಳೂರು ಸ್ಟೋರಿಗೆ ಹೋದೆ.
ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತಿ ಬಂದ ಎರಡೇ ಎರಡು ಕಾಯಿ,
ಒಂದಕ್ಕೆ ನೂರ ಮೂವತ್ತು.
ಊರಿನಲ್ಲಿ ಬಿದ್ದದ್ದನ್ನು ದನವೂ ಮೂಸುತ್ತಿರಲಿಲ್ಲ.
ತೊಟ್ಟಿನ ಹಾಲು ಇನ್ನೂ ಬೆರಳಿಗೆ ಅಂಟಿತು,
ಚೌಕಾಸಿಗೆ ಬಾಯಿ ತೆರೆದವಳು ಸುಮ್ಮನೆ ಕೊಟ್ಟೆ.

ಗ್ಯಾಸಿನ ಉರಿಯ ಮೇಲೆ ಇಡಿಯಾಗಿ ಇಟ್ಟಳು.
ಹಾಗೆ ಸುಡುವುದು ನಮ್ಮ ಕಡೆ ಇಲ್ಲ, ಕೈಕಟ್ಟಿ ನಿಂತೆ.
ಹೊಗೆ ಮೂರನೇ ಮಹಡಿಗೆ ಏರಿ
ಏನ್ ಸುಡ್ತಾ ಇದೀರೇ ಅಲ್ಲಿ, ಬಿಲ್ಡಿಂಗಾ? ಎಂದು
ಓನರು ಮುನಿತಾಯಮ್ಮ ಕಿಟಕಿಯಿಂದ ಅರಚಿದರು.
ಎರ್ಮೀನ್ ಸಿಪ್ಪೆ ಸುಲಿದಳು, ಬೆರಳು ಸುಟ್ಟುಕೊಂಡಳು.
ನನಗೆ ಹೊಳೆಯುವಷ್ಟರಲ್ಲಿ ಅಸೆನ್ಲಾ ಊದಿದ್ದಳು.
ಒಂದು ತುಂಡು ಬಾಯಿಗಿಟ್ಟು, ಅಗಿಯುತ್ತ ಅಗಿಯುತ್ತ ನಿಲ್ಲಿಸಿ
ನಮ್ಮೂರಿನದು ಇದಕ್ಕಿಂತ ದೊಡ್ಡದು, ಅಂದಳು.
ಅಷ್ಟು ಹೇಳುವಷ್ಟರಲ್ಲಿ ಅತ್ತಳು.

ರಾತ್ರಿ ಟೆರೇಸಿನಲ್ಲಿ, ಸಿಂಟೆಕ್ಸ್ ಟ್ಯಾಂಕಿಗೆ ಒರಗಿ, ಕತೆ ಹೇಳಿದೆ.
ಕುದ್ರುವಿನ ದೋಣಿಯದು,
ಸೇತುವೆ ಬಂದ ಮೇಲೆ ಸುಬ್ಬ ಅದಕ್ಕೆ ಮಣ್ಣು ತುಂಬಿಸಿ
ಬಸಳೆ ನೆಟ್ಟದ್ದು.
ಕನ್ನಡದಲ್ಲೇ ಹೇಳಿದೆ, ಬೇರೆ ಗತಿಯಿಲ್ಲ.
ಕೇಳುವವರು ಹೂಂಗುಟ್ಟಬೇಕು, ಇಲ್ಲದಿದ್ದರೆ
ಕತೆ ದಾರಿ ತಪ್ಪುತ್ತದೆ ಎನ್ನುತ್ತಿದ್ದಳು ಅಜ್ಜಿ.
ಅವರಲ್ಲಿ ಹೇಳುವವರು ಕ್ರಿಕ್ ಎಂದರೆ
ಕೇಳುವವರು ಕ್ರ್ಯಾಕ್ ಎನ್ನಬೇಕಂತೆ.
ನಾನು ಉಸಿರೆಳೆದಲ್ಲೆಲ್ಲ ಅವಳು ಕ್ರ್ಯಾಕ್ ಎಂದಳು,
ಅಸೆನ್ಲಾ ಹೂಂ ಎಂದಳು,
ಅರ್ಧಕ್ಕೇ ಇಬ್ಬರೂ ನಿದ್ದೆಹೋದರು.
ನಾನು ಪೂರ್ತಿ ಹೇಳಿದೆ.

ಹೊಳೆಯಿಲ್ಲದ ಬೆಂಗಳೂರಿಗೆ ನೀರು ಲಾರಿಯಲ್ಲೇ ಬರಬೇಕಷ್ಟೆ.
ನಾಲ್ಕೂವರೆಗೆ ಟ್ಯಾಂಕರು ತಿರುವಿನಲ್ಲಿ ನಿಂತು
ಉದ್ದಕ್ಕೆ ಹಾರನ್ ಒತ್ತಿತು.
ಎರ್ಮೀನ್ ಕಣ್ಣು ತೆರೆಯದೆಯೇ ಎದ್ದು ಕುಳಿತು
ಚಾಪೆಯ ಸುತ್ತ ತಡಕಾಡಿದಳು,
ಬಟ್ಟಲಿಗೆ.