ಕರ್ತೃ ಮೊದಲು

ವಾಟರ್‌ಲೂ, ಅಯೋವಾ. ಮಂಗಳವಾರ ಸಂಜೆ
ಚರ್ಚಿನ ನೆಲಮಾಳಿಗೆಯಲ್ಲಿ ಏಳು ಜನ.
ಎಷ್ಟು ತೊಳೆದರೂ ಕೈಗೆ ಹಂದಿ ಕೊಬ್ಬಿನ ವಾಸನೆ;
ಪೆನ್ಸಿಲಿಗೂ ಹತ್ತಿದೆ.

ನನ್ನ 'ಬಿಗ್ ರೇನ್' ಹೊಡೆದುಹಾಕಿ
ಲೋರ್ನಾ ಡಿಟ್ಮರ್ ಟೀಚರು 'ಹೆವಿ' ಎಂದು ಬರೆದರು.
ಮಳೆಯನ್ನು ಇಲ್ಲಿ ತೂಗುತ್ತಾರೆಯೇ?
ಹಾಗಾದರೆ ಚಹಾ? ಚಹಾ 'ಸ್ಟ್ರಾಂಗ್'. ನಿದ್ದೆ 'ಡೀಪ್'.
ಕಾರಣ ಕೇಳಿದರೆ ನಕ್ಕರು:
"ಯಾವ ಪದ ಯಾರನ್ನು ಕಟ್ಟಿಕೊಂಡಿತೋ ಕಟ್ಟಿಕೊಂಡಿತು, ನ್ವೆ ಯಿನ್.
ನಾವು ಮದುವೆ ಊಟಕ್ಕೆ ಹೋದವರು, ಅಷ್ಟೆ."

ಒಂದು ಪುಟದಲ್ಲಿ ಒಂಬತ್ತು 'ವೆರಿ' ಇದ್ದವು.
ಎಂಟನ್ನು ಕೆಂಪು ಪೆನ್ನು ತಿಂದಿತು.
ಉಳಿದದ್ದು ಅಮ್ಮನ ಬಗ್ಗೆ. ಅದನ್ನು ಮುಟ್ಟಲಿಲ್ಲ.

ನಮ್ಮ ಬರ್ಮೀಸಿನಲ್ಲಿ ಕ್ರಿಯಾಪದ
ಕೊನೆಯ ಬಸ್ಸಿಗೆ ಬರುತ್ತದೆ,
ಯಾರು, ಯಾರಿಗೆ, ಎಲ್ಲಿ, ಯಾವುದರಿಂದ,
ಎಲ್ಲರೂ ಬಂದು ಕೂತ ಮೇಲೆ.
ಅಷ್ಟರೊಳಗೆ ಕೇಳುವವರ ಮುಖ ನೋಡಿ
ಮಾತನ್ನು ಬೇರೆ ಕಡೆ ತಿರುಗಿಸಲೂಬಹುದು.
ಮಾಡಿದವನ ಹೆಸರು ಬಿಟ್ಟರೂ ವಾಕ್ಯ ನಿಲ್ಲುತ್ತದೆ.
ಬಿಡುವುದು ಎಷ್ಟೋ ಸಲ ಕ್ಷೇಮ.
ಮೂವತ್ತೆಂಟು ವರ್ಷ ಹಾಗೆಯೇ ಬದುಕಿದ್ದೆ.

"ಇಲ್ಲಿ ಬಾಗಿಲಲ್ಲೇ ಕೇಳುತ್ತಾರೆ, ಯಾರು? ಅಂತ.
ಯಾರೂ ಇಲ್ಲದಿದ್ದರೆ
'ಇಟ್' ಎಂಬ ಒಬ್ಬನನ್ನಾದರೂ ತಂದು ನಿಲ್ಲಿಸಬೇಕು.
ಮಳೆ ಸುರಿಸುವವನೂ ಅವನೇ."

ಫೆಬ್ರವರಿಯಲ್ಲಿ, ಗರಗಸದ ಸಾಲಿನಲ್ಲಿ,
ಸೋ ಪೈಂಗನ ಎರಡು ಬೆರಳು ಹೋದವು.
ನಾನು ಪಕ್ಕದಲ್ಲಿದ್ದೆ.
ಆಫೀಸಿನವರು ಫಾರಂ ತಂದರು, ಆಗಲೇ ತುಂಬಿದ್ದು:
ಗರಗಸದ ಕವಚ ತೆಗೆಯಲ್ಪಟ್ಟಿತ್ತು.
ಸಹಿ ಇಲ್ಲಿ.

ತೆಗೆಯಲ್ಪಟ್ಟಿತ್ತು.
ವ್ಯಾಕರಣ ಸರಿ. ಕಾಗುಣಿತವೂ ಸರಿ.
ಕವಚ ತಾನೇ ಎದ್ದು ಊಟಕ್ಕೆ ಹೋದ ಹಾಗೆ.
ಬಾಗಿಲಲ್ಲಿ ಯಾರೂ ಕೇಳಿರಲಿಲ್ಲ, ಯಾರು ಅಂತ.

ಸಹಿ ಹಾಕದೆ ಮನೆಗೆ ತಂದೆ.
ಅನ್ನ ಬೇಯುವಷ್ಟರಲ್ಲಿ ಹಾಳೆಯ ಹಿಂದೆ ಬರೆದೆ:
ಡ್ವೇನ್ ರಿಮೂವ್ಡ್ ಗಾರ್ಡ್.
ಮೊದಲು 'ಟುಕ್' ಅಂತ ಇತ್ತು.
ಟುಕ್ ಅಂದರೆ ಕದ್ದ ಎಂದೂ ಆದೀತು. ಅವನು ಕದಿಯಲಿಲ್ಲ,
ಸಾಲು ಬೇಗ ಓಡಲಿ ಎಂದು ಕಳಚಿಟ್ಟ.
ನಾನೇ ನೋಡಿದ್ದು.
'ವೆರಿ' ಹಾಕಲು ಎಲ್ಲೂ ಜಾಗವಿರಲಿಲ್ಲ.

ಮಂಗಳವಾರ ಟೀಚರು ಅದನ್ನು ಬಹಳ ಹೊತ್ತು ಓದಿದರು.
ಮೂರೇ ಪದ.
ಡ್ವೇನನಿಗೂ ಅಕ್ಷರ ಕಲಿಸಿದವರು ಅವರೇ,
ಅದು ನನಗೆ ಆಮೇಲೆ ತಿಳಿದದ್ದು.
ಕೆಂಪು ಪೆನ್ನು ತೆಗೆದು
ಗಾರ್ಡ್ ಮುಂದೆ ಒಂದು ಪುಟ್ಟ 'ದಿ' ಸೇರಿಸಿದರು.

"ಇದು ಏತಕ್ಕೆ?"

"ಯಾವುದೋ ಒಂದು ಕವಚವಲ್ಲ.
ನಿನಗೆ ಗೊತ್ತು, ಓದುವವರಿಗೂ ಗೊತ್ತು. ಅದೇ."

ಅವರ ಪೆನ್ನಿನಲ್ಲೇ ಸಹಿ ಮಾಡಿದೆ.
ಕೆಂಪು ಸಹಿ ನಡೆಯುತ್ತದೆಯೋ ಇಲ್ಲವೋ.
ಹೊರಗೆ ಹಿಮ ಬೀಳುತ್ತಿತ್ತು.
ಹೆವಿ, ಅಂದೆ, ಯಾರೂ ಕೇಳದಿದ್ದರೂ.